ಕಡಲು ತಂದ ಕೈ

ಹೆಂಗಸರು ಅಳುತ್ತಿದ್ದುದು ಆಸ್ಪತ್ರೆಯವರೆಗೂ ಕೇಳಿಸಿತು. ಕತ್ತೆಯೊಂದರ ಗೊರಸು ಕೆರೆಯುತ್ತಿದ್ದವನು ಹಾಗೇ ಎದ್ದು ದಡಕ್ಕೆ ಓಡಿದೆ. ನಮ್ಮ ಪಾತೆ ದ್ವೀಪದ ಕತ್ತೆಗಳಿಗೆಲ್ಲ ನಾನೊಬ್ಬನೇ ಡಾಕ್ಟರ್. ಮನುಷ್ಯರ ವಿಷಯಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಅಂದು ಕರೆದರು.

ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರುಗಳ ನಡುವೆ ಒಂದು ಎದೆಗೂಡು ಬಿದ್ದಿತ್ತು. ತಲೆಯಿಲ್ಲ, ಸೊಂಟದಿಂದ ಕೆಳಗೆ ಏನೂ ಇಲ್ಲ. ಪಕ್ಕಕ್ಕೆ ಚಾಚಿದ ಒಂದು ತೋಳು, ಅದರ ತುದಿಯಲ್ಲಿ ಐದು ಬೆರಳಿನ ಮೂಳೆಗಳು. ಮುದುಕಿ ಬಿ ಸೌದಾ ಅವುಗಳ ಮೇಲೆ ಆಗಲೇ ಹೆಣಕ್ಕೆ ಸುತ್ತುವ ಬಿಳಿ ಕಫನ್ ಬಟ್ಟೆ ಹೊದಿಸಿದ್ದರು.

"ನನ್ನ ಮಗ ಆಥ್ಮಾನ್ ಬಂದ," ಎಂದು ನನ್ನ ಕೈ ಹಿಡಿದರು. "ನೋಡಪ್ಪಾ ಫುಮೋ, ನೋಡಿ ಹೇಳು. ಸ್ನಾನ ಮಾಡಿಸಿ ಮಣ್ಣು ಮಾಡ್ತೀನಿ."

ಆಥ್ಮಾನ್ ಮದುವೆಯಾದ ವರ್ಷವೇ ಮೀನಿಗೆ ಹೋದವನು ಮರಳಿರಲಿಲ್ಲ. ಎಷ್ಟೋ ವರ್ಷಗಳ ಮಾತು. ಅವನ ಹೆಂಡತಿ ಮ್ವಾನಾಶಾ ಅತ್ತೆಯ ಹಿಂದೆ ನಿಂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಗುಂಡುಕಲ್ಲಿನ ಹಾಗಿರುವ ತನ್ನ ಕತ್ತೆಯನ್ನು ಅವಳು ವಾರಕ್ಕೊಮ್ಮೆ ಆಸ್ಪತ್ರೆಗೆ ತರುತ್ತಿದ್ದಳು.

"ಇದಕ್ಕೇನಾಗಿದೆ?"

"ಅದು ಗೊತ್ತಿದ್ರೆ ನಾನೇ ಡಾಕ್ಟರ್ ಆಗ್ತಿದ್ದೆ."

"ಹಲ್ಲು ಚೆನ್ನಾಗಿದೆ, ಗೊರಸು ಚೆನ್ನಾಗಿದೆ..."

"ಹಾಗಾದ್ರೆ ನಿಮ್ಮ ಕಣ್ಣೇ ಸರಿಯಿಲ್ಲ ಬಿಡಿ," ಎಂದು ಮುಸುಕಿನ ಅಂಚನ್ನು ತುಟಿಗೊತ್ತಿ ನಗುತ್ತಿದ್ದಳು. ಅಷ್ಟೇ. ಗಂಡ ಇದ್ದಾನೋ ಇಲ್ಲವೋ ತಿಳಿಯದ ಹೆಣ್ಣಿಗೆ ಅದಕ್ಕಿಂತ ಹೆಚ್ಚು ಏನು ಹೇಳಲಿ ಎಂದು ನಾನೂ ಸುಮ್ಮನಿರುತ್ತಿದ್ದೆ.

ಈಗ 'ಹೌದು, ಆಥ್ಮಾನನೇ' ಎಂದರೆ ಸಾಕಿತ್ತು. ತಾಯಿಗೊಂದು ಗೋರಿ ಸಿಗುತ್ತಿತ್ತು. ವಿಧವೆ ಕಾಯಬೇಕಾದ ಇದ್ದತ್ ಅವಧಿ ಕಳೆದರೆ ಮ್ವಾನಾಶಾ ನನ್ನವಳಾಗಬಹುದಿತ್ತು. ನಾನು ಅವಳನ್ನು ಪ್ರೀತಿಸುತ್ತಿದ್ದೆ. ಪರೀಕ್ಷಿಸದೆಯೇ ಹೌದೆನ್ನುವ ಆ ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

ಮಂಡಿಯೂರಿ ಕುಳಿತೆ. ಹೆಗಲಿನ ಮೂಳೆಗಳನ್ನು ಒಣಗಿದ ನರಗಳು ಇನ್ನೂ ಹಿಡಿದಿದ್ದವು, ಬೆರಳಿಟ್ಟು ತಡಕಿದೆ. ಕೊರಳಿನಿಂದ ಹೆಗಲಿಗೆ ಹೋಗಬೇಕಾದ ಮೂಳೆಯೇ ಇಲ್ಲ. ಮೇಲ್ತೋಳು ಗೇಣುದ್ದವಿದ್ದರೆ ಹೆಚ್ಚು. ಮುರಿದುಬಿದ್ದ ಪಕ್ಕೆಲುಬೊಂದನ್ನು ಎತ್ತಿದರೆ ಕಲ್ಲಿನಷ್ಟು ಭಾರ. ಒಳಗೆ ಮಜ್ಜೆಗೆ ಜಾಗವೇ ಇರಲಿಲ್ಲ.

"ಇದು ಮನುಷ್ಯಂದಲ್ಲ, ಬಿ ಸೌದಾ," ಎಂದೆ. "ಅಪ್ಪಿಕೊಳ್ಳೋ ಜೀವಕ್ಕೆ ಇಲ್ಲೊಂದು ಮೂಳೆ ಇರುತ್ತೆ, ಇದಕ್ಕಿಲ್ಲ. ಪಕ್ಕೆಲುಬು ನೋಡಿ, ನೀರಿನ ತಳದಲ್ಲಿ ಹುಲ್ಲು ಮೇಯೋಕೆ ಇಷ್ಟು ಭಾರ. ಇದು ನ್ಗುವಾ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮ ಭಾಷೆಯಲ್ಲಿ, ಈಜುರೆಕ್ಕೆಯೊಳಗೆ ನಮ್ಮಂತೆಯೇ ಐದು ಬೆರಳಿನ ಮೂಳೆಗಳಿರುವ ಕಡಲಹಸುವಿಗೂ ಅದೇ ಹೆಸರು, ಗಂಡಸರನ್ನು ಮರುಳು ಮಾಡಿ ನೀರಿಗೆಳೆಯುವ ಕಡಲಹೆಣ್ಣಿಗೂ ಅದೇ ಹೆಸರು. ಹಸುವನ್ನು ಕಂಡವರು ಈಗ ನಮ್ಮಲ್ಲಿ ಯಾರೂ ಇಲ್ಲ. ಹೆಣ್ಣಿನ ಕತೆ ಮಾತ್ರ ಎಲ್ಲರ ಬಾಯಲ್ಲೂ ಇದೆ.

ಬಿ ಸೌದಾ ಎದೆ ಬಡಿದುಕೊಂಡರು. "ಹಾಗಾದ್ರೆ ಇವಳೇ! ನನ್ನ ಮಗನ್ನ ಇಟ್ಕೊಂಡವಳು ಇವಳೇ!"

"ಅಯ್ಯೋ ಅದಲ್ಲ, ನಾನು ಹೇಳಿದ್ದು ಹಸು..."

ಕೇಳುವವರು ಯಾರು? ಅಷ್ಟರಲ್ಲಿ ಮ್ವಾನಾಶಾ ಮುಂದೆ ಬಂದು, ಬಟ್ಟೆಯನ್ನು ಮೆಲ್ಲಗೆ ಸರಿಸಿ ಆ ಬೆರಳುಗಳನ್ನು ನೋಡಿದಳು.

"ಅಂದ್ರೆ ಇವಳು ನನ್ನ ಸವತಿ, ಅಲ್ವಾ ಅತ್ತೆ?"

"ಹೂಂ ಮಗಳೇ."

"ಸವತಿ ಇಲ್ಲಿ ಸತ್ತು ಬಿದ್ದಿದಾಳೆ. ಇಟ್ಕೊಂಡವಳು ಹೋದ ಮೇಲೂ ಅವರು ಮನೆಗೆ ಬರ್ಲಿಲ್ಲ." ಅವಳು ಅತ್ತೆಯತ್ತ ತಿರುಗಿದಳು. "ಇನ್ನು ಯಾರಿಗೆ ಅಂತ ಕಾಯ್ಲಿ ಅತ್ತೆ?"

ಬಿ ಸೌದಾ ಸೊಸೆಯನ್ನು ನೋಡಿದರು, ಆಮೇಲೆ ನನ್ನನ್ನು. ಆ ಕಣ್ಣು ಮಂಜಾಗಿದ್ದರೂ ಕುರುಡಲ್ಲ. ಕಫನ್ ಬಟ್ಟೆಯನ್ನು ಎತ್ತಿ ಮಡಚಿ ಕಂಕುಳಲ್ಲಿಟ್ಟುಕೊಂಡರು.

"ಕಾಜಿ ಹತ್ರ ಹೋಗೋಣ," ಎಂದರು. "ನಿಕಾಹ್ ಮುರಿದುಕೊಡಿ ಅಂತ ನಾನೇ ಕೇಳ್ತೀನಿ. ಹೆತ್ತವಳು ಹೇಳಿದ್ರೆ ಅವರೂ ಇಲ್ಲ ಅನ್ನಲ್ಲ."

ನಾನು ನ್ಗುವಾವನ್ನು ಹೂತು ಮುಗಿಸುವಷ್ಟರಲ್ಲಿ ಉಳಿದವರೆಲ್ಲ ಹೊರಟುಹೋಗಿದ್ದರು. ಮ್ವಾನಾಶಾ ನನ್ನ ಕೈಗೆ ನೀರು ಹುಯ್ದಳು.

"ಸುಳ್ಳು ಹೇಳ್ಬಹುದಿತ್ತಲ್ಲ."

"ಹೇಳ್ಬಹುದಿತ್ತು. ಆದ್ರೆ ಬಾಗಿಲು ತಟ್ಟಿದಾಗಲೆಲ್ಲ ಅವನೇ ಬಂದ್ನೇನೋ ಅಂತ ಹೆದರಿಕೊಂಡು ನಿನ್ನ ಜೊತೆ ಬಾಳೋಕೆ ನನಗಾಗಲ್ಲ. ನನಗೆ ನೀನು ಬೇಕು, ಮ್ವಾನಾಶಾ. ಕದ್ದು ಬೇಡ."

ಅವಳು ನಗಲಿಲ್ಲ, ಕೆಣಕಲೂ ಇಲ್ಲ. ಚೊಂಬು ಖಾಲಿಯಾದರೂ ನನ್ನ ಕೈ ಬಿಡಲಿಲ್ಲ.

"ಕಾಜಿ ಒಪ್ಪಿದ ಮೇಲೆ ಬಂದು ಅತ್ತೆ ಹತ್ರಾನೇ ಕೇಳಿ," ಎಂದಳು. "ಅವರಿಗೂ ಒಬ್ಬ ಮಗ ಬೇಕಲ್ಲ."