ಅತ್ತೆಯ ಪಾಲಿನ ಕಾಳು

"ಈ ಮನೇಲಿ ಕಾಳು ಗಂಡಸರಿಗೆ. ನಾನು ಮುಟ್ಟಲ್ಲ ಅಂದ್ರೆ ಮುಟ್ಟಲ್ಲ." ಚಾಮುಂಡಮ್ಮ ತಳ್ಳಿದ ತಟ್ಟೆ ಹೊಸಿಲಿಗೆ ಬಡಿದು, ಹುರುಳಿಕಾಳು ನೆಲದ ತುಂಬ ಚೆಲ್ಲಿತು.

ಎಂಥ ಮುದುಕಿಯಪ್ಪಾ ಇದು! ಕಾಲೆರಡೂ ಊದಿವೆ, ಬಾಚಿದರೆ ಕೂದಲು ಕೈಗೆ ಬರುತ್ತದೆ; ಆದರೂ ಹಟ ಬಿಡಳು. ಕೇಣಿಚಿರದ ಆ ಮನೆಯಲ್ಲಿ ಬಸ್ಸಾರು ಮಾಡಿದರೆ ಬಸಿದ ಕಾಳಿನ ಪಲ್ಯ ಗಂಡಸರ ತಟ್ಟೆಗೆ, ಬಸಿದ ನೀರಿನ ಸಾರು ಹೆಂಗಸರ ಮುದ್ದೆಗೆ. ಅದು ಅತ್ತೆಯ ಕಾನೂನು. ಸೊಸೆ ಇಂದ್ರಮ್ಮ ಹಸಿ ಬಾಣಂತಿಯಾಗಿದ್ದಾಗ ಒಂದು ಸೌಟು ಕಾಳು ಕೇಳಿ ಬೈಸಿಕೊಂಡಿದ್ದಳು... ಆ ಸಂಕಟ ಇನ್ನೂ ಆರಿರಲಿಲ್ಲ. ಆದರೆ ಮಾನಂದವಾಡಿಯ ಡಾಕ್ಟರು, ಮುದುಕಿಗೆ ಪ್ರೋಟೀನು ಸಾಲದು, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದಿದ್ದರು. ಬಿಟ್ಟುಬಿಡಲು ಮನಸ್ಸು ಬರಬೇಕಲ್ಲ!

ವಯನಾಡು ಹೊಸ ಜಿಲ್ಲೆಯಾದ ವರ್ಷವದು. ಮನೆಮನೆ ತಿರುಗುತ್ತಿದ್ದ ನರ್ಸು ಅಮ್ಮಿಣಿ, ದೊಡ್ಡವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೊಂದು ಗ್ರಾಂ ಪ್ರೋಟೀನು ಬೇಕು, ಗಂಡಾದರೂ ಅಷ್ಟೇ ಹೆಣ್ಣಾದರೂ ಅಷ್ಟೇ ಎಂದು ಹೇಳಿ ಹೋಗಿದ್ದಳು. ಅದು ನೆನಪಾದದ್ದೇ ತಡ, ಇಂದ್ರಮ್ಮ ಗಂಡನನ್ನು ಕೂಗಿ, ಬೈಯುತ್ತಿದ್ದ ಅತ್ತೆಯನ್ನು ಎತ್ತಿಸಿ, ಮನೆ ಮುಂದಿನ ಅಂಗಡಿಯಲ್ಲಿ ಮೆಣಸಿನ ಮೂಟೆ ತೂಗುವ ತಕ್ಕಡಿಯಲ್ಲಿ ಕೂರಿಸಿಯೇಬಿಟ್ಟಳು. ಮೂವತ್ತೆಂಟು ಕಿಲೋ! ಮೂಟೆಗಿಂತ ಹಗುರ!

ಮೂವತ್ತೆಂಟು ಗ್ರಾಂ ತಾನೆ, ಒಂದು ಹಿಡಿ ಕಾಳು ಸಾಕಲ್ಲ ಎಂದ ಗಂಡ ಶಿವನಂಜಪ್ಪ.

"ಅಲ್ಲೇ ನೀವು ಎಡವೋದು. ನೂರು ಗ್ರಾಂ ಹುರುಳೀಲಿ ಪ್ರೋಟೀನು ಇಪ್ಪತ್ತೆರಡೇ ಗ್ರಾಂ ಅಂತೆ."

ಲೆಕ್ಕ ಹಾಕುತ್ತ ಇಂದ್ರಮ್ಮನ ಬೆರಳು ಓಡುತ್ತಿತ್ತು. ಎರಡು ಹೊತ್ತಿನ ಮುದ್ದೆಗೆ ಕಾಲು ಕಿಲೋ ರಾಗಿಹಿಟ್ಟು, ಅದರಲ್ಲಿ ಹದಿನೇಳು. ನೂರು ಗ್ರಾಂ ಹುರುಳಿ ಸೇರಿದರೆ ಮೂವತ್ತೊಂಬತ್ತು. ಸಿಕ್ಕಿತು! ಅತ್ತೆ ಬದುಕಿಕೊಳ್ಳುತ್ತಾಳೆ!

ಚಾಮುಂಡಮ್ಮನ ಬೈಗುಳ ನಿಂತಿತ್ತು. "ಆ ಬಸಿದ ನೀರಲ್ಲಿ ಎಷ್ಟಿತ್ತು, ಇಂದ್ರಿ?"

ಹೆಚ್ಚೇನಿಲ್ಲ ಎಂದು ಇಂದ್ರಮ್ಮ ತಲೆ ತಗ್ಗಿಸಿದಳು.

ಮುದುಕಿಯ ಕಣ್ಣು ತುಂಬಿತು. "ನಮ್ಮತ್ತೆ ನಂಗೆ ಕೊಟ್ಟಿದ್ದನ್ನೇ ನಿಂಗೂ ಕೊಟ್ಟೆ ಕಣವ್ವ... ಹಸಿ ಬಾಣಂತಿಗೆ ನೀರು ಬಡಿಸಿಬಿಟ್ಟೆ..." ಮಗನ ತೋಳು ಹಿಡಿದು ಇಳಿದಳು. "ಹತ್ತು ತಕ್ಕಡೀನ. ನಿಂಗೆಷ್ಟು ಬೇಕೋ ನೋಡಾನ."

ಇಂದ್ರಮ್ಮ ನಲವತ್ತೆರಡು ತೂಗಿದಳು.

ಅಂದು ಸಂಜೆ ಸೌಟು ಹಿಡಿದವಳು ಚಾಮುಂಡಮ್ಮ. ಮೊದಲು ಸೊಸೆಯ ತಟ್ಟೆಗೆ ತುಂಬ ಕಾಳು ಬಡಿಸಿ, ಆಮೇಲೆ ತನ್ನ ತಟ್ಟೆಗೆ ಹಾಕಿಕೊಂಡಳು. ಇಬ್ಬರೂ ಅಳುತ್ತಳುತ್ತಲೇ ತಿಂದರು. ಶಿವನಂಜಪ್ಪ ತನ್ನ ಪಾಲಿಗೆ ಕಾಯುತ್ತ ಕೂತಿದ್ದ.