ಎರಡು ಬಾಗಿಲುಗಳ ನಡುವೆ

"ಬಾಗಿಲು ಹಾಕಿ!"

ಆ ಮನೆಯ ಮಹಡಿ ಹತ್ತಿದ ವಿಖ್ಯಾತ್ ಕೇಳಿದ ಮೊದಲ ಮಾತೇ ಅದು. ಅವನು ಬಾಗಿಲು ಹಾಕುವಷ್ಟರಲ್ಲಿ ಹಸಿರು ಬಣ್ಣದ ಪುಟ್ಟ ಲವ್ ಬರ್ಡ್ ಒಂದು ಅವನ ಕಿವಿಯ ಪಕ್ಕದಿಂದಲೇ ಹಾರಿ ಹಾಲ್ ಸೇರಿತ್ತು. ಅಲ್ಲಿ ಫ್ಯಾನ್ ತಿರುಗುತ್ತಿತ್ತು.

ಸೌದಾಮಿನಿ ಅವನನ್ನು ದೂಡಿಕೊಂಡೇ ಓಡಿ ಸ್ವಿಚ್ ಆರಿಸಿದಳು. ಫ್ಯಾನ್ ನಿಲ್ಲುವ ತನಕ ಇಬ್ಬರೂ ಉಸಿರು ಬಿಡಲಿಲ್ಲ.

ಹಕ್ಕಿ ಕರ್ಟನಿನ ಮೇಲೆ ಕುಳಿತಿತ್ತು. ಅವಳು ಕಿಟಕಿಗಳನ್ನು ಮುಚ್ಚಿ ಕತ್ತಲು ಮಾಡಿ, ತೆಳು ಬಟ್ಟೆಯಲ್ಲಿ ಅದನ್ನು ಹಿಡಿದು ಬೈಯಲೆಂದೇ ತಿರುಗಿದಳು. ಎದುರಿಗಿದ್ದವನ ಮುಖ ಬಿಳಿಚಿಕೊಂಡಿತ್ತು. ಅಳತೆಯ ಟೇಪು ಹಿಡಿದುಕೊಂಡೇ ಅವನು ಹಕ್ಕಿಯ ರೆಕ್ಕೆಗೆ ಏಟಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ.

'ಇವನಿಗೂ ಹಕ್ಕಿಗಾಗಿ ಹೆದರಿಕೆಯಾಗಿದೆ...'

ಬೈಗುಳ ಅಲ್ಲೇ ಕರಗಿತು.

"ಇದಕ್ಕೇ ನಿಮ್ಮನ್ನು ಕರೆಸಿದ್ದು," ಎಂದಳು.

ಸೌದಾಮಿನಿ ಪ್ಲಸ್ ಟು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬಳು ಬಿಟ್ಟುಹೋದ ಒಂದು ಜೋಡಿ ಹಕ್ಕಿ ಸಂಸಾರ ಬೆಳೆಸಿ, ಮಹಡಿಯ ಕೋಣೆಯೇ ಈಗ ಗೂಡಾಗಿತ್ತು. ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದು ತೆರೆದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಆ ಬಾಗಿಲಿನ ಜಾಗದಲ್ಲಿ ಒಂದು ಜಾಲರಿ ಬಾಗಿಲು, ಅದರಿಂದ ಎರಡು ಹೆಜ್ಜೆ ಒಳಗೆ ಇನ್ನೊಂದು. ಹೊರಗಿನದು ಮುಚ್ಚದೆ ಒಳಗಿನದು ತೆರೆಯಬಾರದು. ಇದು ಅವಳ ಯೋಜನೆ. ವಿಖ್ಯಾತ್ ಶಾರ್ಜಾದಲ್ಲಿ ಅಲ್ಯೂಮಿನಿಯಂ ಕೆಲಸ ಮಾಡಿ ಬಂದು ಬಂದ್ಯೋಡಿನಲ್ಲಿ ಸ್ವಂತ ಅಂಗಡಿ ಇಟ್ಟವನು. ಎಲ್ಲ ಕೇಳಿ, "ನಮ್ಮ ಊರಿನಲ್ಲಿ ಮನುಷ್ಯರಿಗೂ ಇಷ್ಟು ಸೆಕ್ಯೂರಿಟಿ ಇಲ್ಲ ಟೀಚರ್," ಎಂದ. ಅವಳು ನಗಬಾರದೆಂದುಕೊಂಡಿದ್ದಳು. ನಕ್ಕಳು.

ಆಮೇಲೆ ಕೆಲಸ ಮುಗಿಯಲೇ ಇಲ್ಲ.

ಹೊರಬಾಗಿಲು ತಾನಾಗಿ ಮುಚ್ಚಲೆಂದು ಹಾಕಿದ ಸ್ಪ್ರಿಂಗ್ ಬಿಗಿಯಾಗಿ, ಬಾಗಿಲು ಬಡಿದ ಸದ್ದಿಗೆ ಹಕ್ಕಿಗಳು ಬೆಚ್ಚಿದವು. ಸ್ಪ್ರಿಂಗ್ ಬದಲಾಯಿತು. ಕೀಲು ಕಿರುಗುಟ್ಟಿತು. ಎಣ್ಣೆಯ ವಾಸನೆ ಬೇಡವೆಂದು ಅವಳು ಹೇಳಿದ್ದಕ್ಕೆ, ಅವನು ಪೆನ್ಸಿಲ್ ಕಡ್ಡಿ ಪುಡಿ ಮಾಡಿ ತಂದು ಉದುರಿಸಿದ. ಒಳಗೆ ಕಾಲಿಡುವ ಮೊದಲು ಹಕ್ಕಿಗಳೊಡನೆ ತುಳುವಿನಲ್ಲಿ ಮೆಲ್ಲಗೆ ಮಾತಾಡುವುದನ್ನೂ ಅಭ್ಯಾಸ ಮಾಡಿಕೊಂಡ. ಸೌದಾಮಿನಿ ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಅದನ್ನು ಕೇಳುತ್ತಿದ್ದಳು. ಒಂದೇ ಉತ್ತರವನ್ನು ಮೂರು ಸಲ ಓದುತ್ತಿದ್ದಳು.

ಒಂದು ಸಂಜೆ ಅಮ್ಮ ವಸುಮತಿ ಪೇಟೆಯಿಂದ ಸುದ್ದಿ ತಂದರು. ವಿಖ್ಯಾತನ ಅಣ್ಣ ಹರಿನಾಥ ಶಾರ್ಜಾದಿಂದ ವೀಸಾ ಕಳಿಸಿದ್ದಾನಂತೆ. ಒಳ್ಳೆಯ ಕಂಪನಿಯಂತೆ. ಹುಡುಗ ಹೊರಡುವುದೇ ಸೈಯಂತೆ.

'ಹೋಗುವವನು... ಒಂದು ಮಾತು ಹೇಳಬಾರದಿತ್ತೇ?'

ಆದರೆ ಯಾವ ಹಕ್ಕಿನಿಂದ ಕೇಳುವುದು? ಬಾಗಿಲು ಮಾಡಲು ಬಂದವನು. ಮರುದಿನ ಅವಳು ಅವನೊಡನೆ ಅಳತೆ, ಸ್ಕ್ರೂ, ಜಾಲರಿ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕೆಲಸ ಬೇಗ ಮುಗಿಸಿಕೊಟ್ಟರೆ ಉಪಕಾರ ಎಂದಳು. ಅವನು ಅವಳ ಮುಖವನ್ನೇ ನೋಡಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ. ಹೊರಬಾಗಿಲ ಚಿಲಕವೊಂದು ಬಾಕಿ ಉಳಿಯಿತು. ಆಮೇಲೆ ಕೆಲವು ದಿನ ಅವನ ಪತ್ತೆಯೇ ಇರಲಿಲ್ಲ.

ಅವನು ಮತ್ತೆ ಬಂದ ದಿನ ವಸುಮತಿಯಮ್ಮ ಮಧೂರಿನ ದೇವಸ್ಥಾನಕ್ಕೆ ಹೋಗಿದ್ದರು. ವಿಖ್ಯಾತ್ ಚಿಲಕ ಕೂರಿಸಿ, ಒಮ್ಮೆ ಪರೀಕ್ಷೆ ಮಾಡಿ ನೋಡಿ ಎಂದ. ಅವಳು ಎರಡು ಬಾಗಿಲುಗಳ ನಡುವಿನ ಕಿರಿದಾದ ಜಾಗಕ್ಕೆ ಬಂದಳು. ಒಳಬಾಗಿಲ ಕೀಲು ತೋರಿಸಲು ಅವನೂ ಹಿಂದೆಯೇ ಬಂದ. ಸ್ಪ್ರಿಂಗ್ ಹೊರಬಾಗಿಲನ್ನು ಹಿತವಾಗಿ ಮುಚ್ಚಿತು. ಹೊರಗೆ ಚಿಲಕ ತಾನಾಗಿ ಬಿತ್ತು.

ಟಕ್.

ಸೌದಾಮಿನಿ ಬಾಗಿಲನ್ನು ದೂಡಿ ನೋಡಿದಳು. ಅಲುಗಲಿಲ್ಲ.

"ಒಳಗಿನಿಂದ ತೆಗೆಯುವುದು ಹೇಗೆ?"

ವಿಖ್ಯಾತನ ಕಿವಿ ಕೆಂಪಾಯಿತು. "ಒಳಗಿನಿಂದ... ಇಲ್ಲ. ಗೂಡಲ್ವಾ ಟೀಚರ್? ಗೂಡಿಗೆ ಒಳಗಿನಿಂದ ಎಂತಕ್ಕೆ ಅಂತ..."

"ದಿನಾ ಒಳಗೆ ಹೋಗುವುದು ನಾನಲ್ವಾ ಮಾರಾಯ್ರೆ?"

ಅವಳ ಫೋನ್ ಕೆಳಗಿತ್ತು, ಅವನದು ಬೈಕಿನ ಪೆಟ್ಟಿಗೆಯಲ್ಲಿ. ಒಳಬಾಗಿಲ ಆಚೆ ಹಕ್ಕಿಗಳು ಒಂದೊಂದಾಗಿ ಬಂದು ಜಾಲರಿಗೆ ಜೋತುಬಿದ್ದು, ತಲೆ ಓರೆ ಮಾಡಿ ಇವರಿಬ್ಬರನ್ನು ನೋಡತೊಡಗಿದವು.

"ಈಗ ಗೂಡಿನಲ್ಲಿ ಇರುವುದು ನಾವು," ಎಂದ ಅವನು.

ಅವಳು ನಗಲಿಲ್ಲ. ಮೊಣಕೈ ತಾಗದಂತೆ ಗೋಡೆಗೆ ಒರಗಿ ನಿಂತಳು. ಅಮ್ಮ ಬರಲು ಇನ್ನೂ ಹೊತ್ತಿತ್ತು. ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಯಾವಾಗ ಹೊರಡುವುದು?"

"ಎಲ್ಲಿಗೆ?"

"ಶಾರ್ಜಾಕ್ಕೆ."

ಅವನು ಜಾಲರಿಯ ಮೇಲಿದ್ದ ಹಕ್ಕಿಯೊಂದರತ್ತ ಬೆರಳು ಚಾಚಿದ.

"ಹೋಗುವುದಿಲ್ಲ. ಅಣ್ಣನಿಗೆ ಹೇಳಿ ಒಪ್ಪಿಸಲಿಕ್ಕೆ ಇಷ್ಟು ದಿನ ಬೇಕಾಯ್ತು. ಬೈದ. ಮತ್ತೆ ಬೈದ. ನಿನ್ನೆ ಸರಿ ಅಂದ."

ಅವಳು ಅವನತ್ತ ತಿರುಗಿದಳು. "ನನಗೆ ಮೊದಲೇ ಹೇಳಬಹುದಿತ್ತು..."

"ನೀವೇ ಹೇಳಿದ್ದಲ್ವಾ, ಹೊರಗಿನ ಬಾಗಿಲು ಹಾಕದೆ ಒಳಗಿನದು ತೆಗೆಯಬಾರದು ಅಂತ? ಶಾರ್ಜಾದ ಬಾಗಿಲು ಹಾಕಿ ಬಂದೆ. ಇನ್ನು ಕೇಳ್ತೇನೆ." ಅವನ ದನಿ ತಗ್ಗಿತು. "ನನ್ನನ್ನು ಮದುವೆ ಆಗ್ತೀರಾ? ನಮ್ಮ ಜಾತಿ ಬೇರೆ, ನಿಮ್ಮದು ಬೇರೆ. ಅಮ್ಮನಿಗೆ ಬೇಜಾರಾದರೆ ಈ ಮಾತು ಇಲ್ಲಿಗೇ ಬಿಡುವ."

ಸೌದಾಮಿನಿಯ ಕಣ್ಣು ಮಂಜಾಯಿತು.

"ಅಮ್ಮ ನಿಮಗೆ ಕಾಫಿ ಕೊಡುವ ಲೋಟೆ ನೋಡಿದ್ದೀರಾ?"

"ಹಿತ್ತಾಳೆಯದ್ದು. ಅಂಚು ಸ್ವಲ್ಪ ನೆಗ್ಗಿದೆ."

"ಅದು ಅಪ್ಪನದ್ದು. ಅಪ್ಪ ಹೋದ ಮೇಲೆ ಬೇರೆ ಯಾರಿಗೂ ಅದರಲ್ಲಿ ಕೊಟ್ಟದ್ದಿಲ್ಲ."

ಅವನು ಗೋಡೆಗೆ ಒರಗಿದ್ದ ಅವಳ ಕೈಯ ಪಕ್ಕಕ್ಕೆ ತನ್ನ ಕೈ ಇಟ್ಟ. ಈ ಸಲ ಅವಳು ಸರಿಯಲಿಲ್ಲ. ಜಾಲರಿಯಾಚೆ ಆ ಹಸಿರು ಹಕ್ಕಿ ಏನೋ ಗಹನವಾದ ವಿಷಯದಂತೆ ಚಿಲಿಪಿಲಿಗುಟ್ಟಿತು.

ಗೇಟಿನ ಬಳಿ ಆಟೋ ನಿಂತ ಸದ್ದು ಕೇಳಿಸಿತು. ಸೌದಾಮಿನಿ ಕಣ್ಣೊರೆಸಿಕೊಂಡಳು.

"ಹೊರಬಾಗಿಲ ಜಾಲರಿಯ ಸ್ಕ್ರೂಗಳು ಒಳಗಿನ ಬದಿಯಲ್ಲೇ ಉಂಟಲ್ವಾ? ಒಂದು ಮೂಲೆ ಬಿಚ್ಚಿದರೆ ಕೈ ಹೊರಗೆ ಹಾಕಿ ಚಿಲಕ ತೆಗೆಯಬಹುದು."

"ಹೌದು."

"ನಿಮ್ಮ ಕಿಸೆಯಲ್ಲಿ ಸ್ಕ್ರೂಡ್ರೈವರ್ ಉಂಟು."

ಅವನು ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿದ. "ಉಂಟು. ನೀವು ನೋಡಿದ್ದು ಯಾವಾಗ?"

"ಚಿಲಕ ಬಿದ್ದಾಗಲೇ."

ಅವನು ತಲೆ ಎತ್ತಿದ. ಇಬ್ಬರೂ ಒಟ್ಟಿಗೆ ನಕ್ಕರು. ಕೆಳಗಿನಿಂದ ಅಮ್ಮ ಕರೆದರು. ಬಾಗಿಲಿನ ಕೆಲಸ ಆಯ್ತಾ ಎಂದು ಕೇಳಿದರು. ವಿಖ್ಯಾತ್ ಸ್ಕ್ರೂಡ್ರೈವರ್ ಹೊರತೆಗೆದ.

"ಒಳಗಿನ ಚಿಲಕಕ್ಕೆ ನಾಳೆ ಬರಲಾ, ಟೀಚರ್?"

"ನಾಳೆ ಅಮ್ಮನ ಹತ್ತಿರ ಮಾತಾಡಲಿಕ್ಕೆ ಬನ್ನಿ. ಚಿಲಕ ನಿಧಾನ ಆಗಲಿ." ಮೊದಲ ಸ್ಕ್ರೂವಿನ ಮೇಲಿದ್ದ ಅವನ ಕೈಯನ್ನು ಅವಳು ಮೆಲ್ಲಗೆ ತಡೆದಳು. "ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಹತ್ತಲಿಕ್ಕೆ ಹೊತ್ತು ಬೇಕು."