ಸಿಡಿಲು ತಿಂದ ಅಕ್ಷರ

ಮೊದಮೊದಲು ಷಡಕ್ಷರಿ ಮೇಷ್ಟ್ರ ಪಾಲಿಗೆ ನಾನು ಗಂಡಸಾಗಿದ್ದೆ. ಬರೀ ಗಂಡಸಲ್ಲ, ಮದುವೆಯಾದ ಗಂಡಸು.

ತಪ್ಪು ಅವರದಲ್ಲ, ರೇಡಿಯೋದ್ದು. ಎಂಬತ್ತೆರಡನೇ ಇಸವಿಯ ಮಾತು. ನನ್ನ ದೊಡ್ಡಪ್ಪ ತೀರ್ಥಪ್ಪ ಮಿಲಿಟರಿಯ ಸಿಗ್ನಲ್ ವಿಭಾಗದಿಂದ ರಿಟೈರಾಗಿ ತರೀಕೆರೆಗೆ ಬಂದು ನೆಲೆಸಿದ್ದರು. "ಕೆರೆ ಒಡೆದ ದಿನ ಮೊದ್ಲು ಬೀಳೋದು ಟೆಲಿಫೋನ್ ಕಂಬ, ಆಮೇಲೆ ಕರೆಂಟು. ಆಗ ಸುದ್ದಿ ಮುಟ್ಸೋರು ಯಾರು?" ಎನ್ನುವುದೊಂದೇ ಅವರ ಚಿಂತೆ. ಆ ಚಿಂತೆಯಲ್ಲೇ, ಪಿಯುಸಿ ಮುಗಿಸಿ ಸಿಂಗಟಗೆರೆಯ ಮನೆಯಲ್ಲಿ ಕೂತಿದ್ದ ನನಗೆ ಮೋರ್ಸ್ ಕಲಿಸಿ, ಲೈಸೆನ್ಸ್ ಪರೀಕ್ಷೆ ಕಟ್ಟಿಸಿದರು. ಆ ದೊಡ್ಡ ಕೆರೆಯಿದ್ದ ಬುಕ್ಕಾಂಬುಧಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಷಡಕ್ಷರಿ ಮೇಷ್ಟ್ರನ್ನೂ ಇದಕ್ಕೆ ಎಳೆದುಕೊಂಡರು.

ದಿನಾ ಸಂಜೆ ಐದೂವರೆಗೆ ಮೂರು ಊರಿನ ಮೂವರೂ ಸೆಟ್ ಮುಂದೆ ಕೂತು ಹಾಜರಿ ಹೇಳಬೇಕು. ಕರೆಂಟ್ ಮುಟ್ಟುವಂತಿಲ್ಲ, ಬ್ಯಾಟರಿಯಲ್ಲೇ ಆಗಬೇಕು. ನಮ್ಮ ಸೆಟ್ಟಿಗಿದ್ದದ್ದು ಸೈಕಲ್ ಡೈನಮೋದಷ್ಟು ಶಕ್ತಿ. ಅಷ್ಟರಲ್ಲಿ ಮಾತು ಹೋಗುವುದಿಲ್ಲ, ಮೋರ್ಸ್ ಹೋಗುತ್ತದೆ. ಗಿಡ್ಡ ಸದ್ದು ಡಿಟ್, ಉದ್ದ ಸದ್ದು ಡಾ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬಿಡಿಸಿ ಬಿಡಿಸಿ ಕುಟ್ಟುತ್ತಿದ್ದೆವು.

"ಹಸು ಕರೆಯೋ ಹೊತ್ತಲ್ಲಿ ತೆಂಗಿನ ಮರಕ್ಕೆ ತಂತಿ ಕಟ್ಕೊಂಡು ಮರಕುಟಿಗನಂಗೆ ಟಕಟಕ ಅಂತಾಳೆ," ಎಂದು ಅಮ್ಮ ಬೀದಿಯವರಿಗೆಲ್ಲ ಹೇಳುತ್ತಿದ್ದಳು.

ಮೊದಲ ದಿನ ನನ್ನ ಹೆಸರು ಕಳಿಸಿದೆ. ಎಮ್ ಅಂದರೆ ಡಾ ಡಾ. ಅದರ ಹಿಂದೊಂದು ಮುಂದೊಂದು ರೇಡಿಯೋದ ಗೊರಗೊರ ಚಟ್ ಎಂದು ಡಿಟ್‌ನಂತೆ ಸೇರಿಕೊಂಡರೆ ಅದೇ ಪಿ. ನನ್ನ ಎರಡು ಎಮ್ಮಿಗೂ ಅದೇ ಗತಿಯಾಗಿ, ಹಾಲಮ್ಮ ಹೋಗಿ ಹಾಲಪ್ಪ ಆಗಿಬಿಟ್ಟೆ. "ನಮಸ್ಕಾರ ಹಾಲಪ್ಪನವರೇ" ಎಂದು ಆ ಕಡೆಯಿಂದ ಬಂತು. ನನಗೆ ನಗು ತಡೆಯಲಾಗಲಿಲ್ಲ. ತಿದ್ದಬೇಡಿ ಎಂದು ದೊಡ್ಡಪ್ಪನಿಗೂ ಕಾಗದ ಬರೆದೆ.

ಮೇಷ್ಟ್ರು ಒಬ್ಬರೇ ಬೇಯಿಸಿಕೊಂಡು ತಿನ್ನುವವರು. ಒಂದು ಸಂಜೆ ಕೇಳಿದರು: "ಹಾಲಪ್ಪನವರೇ, ದಿನಾ ಸಾರು ಹುಳಿಯಾಗುತ್ತೆ. ನಿಮ್ಮ ಮನೆಯವರನ್ನ ಸ್ವಲ್ಪ ಕೇಳಿ ಹೇಳಿ."

ಒಂದು ನಿಮಿಷ ಸುಮ್ಮನಿದ್ದು, ಕೇಳಿ ಬಂದವಳಂತೆ ಉತ್ತರ ಕಳಿಸಿದೆ. "ಬೆಲ್ಲ ಹಾಕಬೇಕಂತೆ."

ಹೀಗೆ ನನಗೊಬ್ಬಳು ಹೆಂಡತಿಯೂ ಆದಳು.

ಮಳೆಗಾಲಕ್ಕೆ ಮುಂಚೆ ದೊಡ್ಡಪ್ಪ ಒಂದು ಪ್ರಾಕ್ಟೀಸ್ ಇಟ್ಟರು. ನಾನು ಬುಕ್ಕಾಂಬುಧಿಗೆ ಹೋಗಿ ಅಲ್ಲಿನ ಸೆಟ್ಟಿನಿಂದ ತರೀಕೆರೆಗೆ ಸುದ್ದಿ ಮುಟ್ಟಿಸಬೇಕು. ವೈರ್ ಬುಟ್ಟಿಯಲ್ಲಿ ಬ್ಯಾಟರಿ ಇಟ್ಟುಕೊಂಡು, ಕಡೂರಿನಲ್ಲಿ ಬಸ್ ಬದಲಾಯಿಸಿ, ಅಜ್ಜಂಪುರದ ಧೂಳೆಲ್ಲ ಕುಡಿದು ಇಳಿದೆ. ಬಿಳಿ ಷರ್ಟಿನ ಸಣಕಲು ಮನುಷ್ಯರೊಬ್ಬರು ನನ್ನ ತಲೆಯ ಮೇಲಿಂದ ಬಸ್ಸಿನೊಳಗೆ ಇಣುಕುತ್ತಿದ್ದರು. ಕೊನೆಗೆ ಬುಟ್ಟಿಯಲ್ಲಿದ್ದ ಬ್ಯಾಟರಿ ಕಣ್ಣಿಗೆ ಬಿತ್ತು.

"ಹಾಲಪ್ಪನವರ... ಮನೆಯವರಾ?"

"ಹ್ಞೂಂ," ಎಂದೆ.

"ಅವ್ರು ಬರ್ಲಿಲ್ವಾ?"

"ಬಂದಿದಾರೆ."

ಮತ್ತೆ ಬಸ್ಸಿನೊಳಗೆ ಇಣುಕಿದರು. ಬಸ್ಸು ಹೊರಟೇ ಹೋಯಿತು. ಪಾಪ, ಬೇರೆಯವರ ಹೆಂಡತಿಯೆಂದು ನನ್ನಿಂದ ನಾಲ್ಕು ಮಾರು ದೂರದಲ್ಲೇ ನಡೆದರು. ಬುಟ್ಟಿ ಭಾರವೆಂದು ಗೊತ್ತಾಗಿ, ಇಸಿದುಕೊಳ್ಳಲೋ ಬೇಡವೋ ಎಂದು ಸ್ಕೂಲ್ ಮುಟ್ಟುವ ತನಕ ಕೈ ಮುಂದೆ ಚಾಚುವುದು, ಹಿಂದೆ ಎಳೆದುಕೊಳ್ಳುವುದು ಮಾಡುತ್ತಲೇ ಇದ್ದರು.

ಲ್ಯಾಬಿನಲ್ಲಿ ನಾನು ಏನೂ ಹೇಳದೆ ಸ್ಟೂಲ್ ಎಳೆದುಕೊಂಡು ಕೂತು ಮೋರ್ಸ್ ಕುಟ್ಟುವ ಕೀ ಮೇಲೆ ಕೈ ಇಟ್ಟೆ. ಪ್ರತಿ ಕೈಗೂ ಅದರದೇ ನಡಿಗೆ ಇರುತ್ತದೆ. ಸಾಲಿನ ಕೊನೆಯ ಡಾ ಎಳೆಯುವುದು ನನ್ನ ಚಾಳಿ, ಎಷ್ಟು ಬೈದರೂ ದೊಡ್ಡಪ್ಪನಿಂದ ಬಿಡಿಸಲಾಗಿರಲಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಹಿಂದೆ ಏನೋ ಬಿದ್ದ ಸದ್ದಾಯಿತು. ಮೇಷ್ಟ್ರು ಬೆಂಚಿನಿಂದ ಎದ್ದು ನಿಂತಿದ್ದರು.

"ಹಾಲಪ್ಪ..." ಎಂದರು.

"ಹಾಲಮ್ಮ. ಎರಡೂ ಎಮ್ಮು."

ಅವರ ಮುಖ ಕಿವಿಯ ತನಕ ಕೆಂಪಾಯಿತು. "ಆವಾಗ ಬೆಲ್ಲ ಹಾಕಿ ಅಂದೋರು?"

"ನಾನೇ. ಹಾಕ್ತೀರಾ ಇಲ್ವಾ?"

"ದಿನಾ ಹಾಕ್ತೀನಿ ಕಣ್ರೀ," ಎಂದು ನೆಲ ನೋಡಿಕೊಂಡು ನಕ್ಕರು. ಆ ನಗು ನೋಡಿದ್ದೇ ತಡ, ನನ್ನ ಕಥೆ ಮುಗಿಯಿತು. ಮುಚ್ಚಿಡುವಂಥದ್ದೇನಿದೆ ಇದರಲ್ಲಿ!

ಆಮೇಲಿನ ಸಂಜೆಗಳು ಕಷ್ಟದವು. ಮಾತಾಡಲು ಮನಸ್ಸು ತುಂಬ, ಕೇಳಿಸಿಕೊಳ್ಳಲು ದೊಡ್ಡಪ್ಪ. ಗಾಳಿಯಲ್ಲಿ ಹೋಗುವ ಮಾತಿಗೆ ಬಾಗಿಲು ಹಾಕಲಾಗುತ್ತದೆಯೇ? ಹಾಗಾಗಿ ಕೆರೆ ನೀರಿನ ಲೆಕ್ಕದಲ್ಲೇ ನಮ್ಮ ಸಂಸಾರ ನಡೆಯುತ್ತಿತ್ತು. "ನೀರು ಒಂದು ಮೆಟ್ಟಿಲು ಏರಿದೆ. ಇಲ್ಲಿ ಮಳೆ. ಅಲ್ಲೂ ಬಂತಾ? ನೆನೆಯಬೇಡಿ." ಆ ಕೊನೆಯದೊಂದು ಮಾತಿಗೆ ನಾನು ಮಾರನೇ ಸಂಜೆಯ ತನಕ ಬದುಕುತ್ತಿದ್ದೆ. ಅವರದು ನಿಧಾನದ ಕೈ. ಪ್ರತಿ ಅಕ್ಷರವನ್ನೂ ಎತ್ತಿ ಪಕ್ಕದಲ್ಲಿಟ್ಟ ಹಾಗೆ ಕಳಿಸುತ್ತಿದ್ದರು.

ಆದರೆ ಅದಕ್ಕಿಂತ ಹೆಚ್ಚಿನದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಅಕ್ಟೋಬರ್ ಬಂತು, ಅಮ್ಮ ಕಡೂರಿನವರಿಗೆ ಹೆಣ್ಣು ನೋಡಲು ಬನ್ನಿ ಎಂದು ಹೇಳಿ ಕಳಿಸಿಯೂ ಬಿಟ್ಟಳು.

ಬುಧವಾರ ಹಾಜರಿ ಹೇಳುವಾಗ ತಿಳಿಸಿದೆ: "ಭಾನುವಾರ ನಾನು ಬರುವುದಿಲ್ಲ. ಕಡೂರಿನಿಂದ ನೆಂಟರು ಬರುತ್ತಾರೆ."

"ಎಂಥ ನೆಂಟರು?"

"ಇನ್ನು ಮೇಲೆ ನೆಂಟರಾಗುವವರು."

ಅದಕ್ಕೆ ಉತ್ತರವಾಗಿ ಕೆರೆ ನೀರಿನ ಮಟ್ಟ ಬಂತು. ಐದು ನಿಮಿಷದ ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿದ್ದರು.

ಮಾರನೇ ದಿನ ಮಧ್ಯಾಹ್ನವೇ ತರೀಕೆರೆ ದಿಕ್ಕಿನಲ್ಲಿ ಆಕಾಶ ಕಪ್ಪಾಯಿತು. ಏನೋ ಅಳುಕಾಗಿ ಹೊತ್ತಿಗೆ ಮುಂಚೆಯೇ ಸೆಟ್ ಹಾಕಿದೆ. ಅಬ್ಬರದ ನಡುವೆ ಆ ನಿಧಾನದ ಕೈ ಕೂಗುತ್ತಿತ್ತು. ನಿಧಾನ ಕೆಟ್ಟಿತ್ತು, ಆದರೂ ಅದೇ ಕೈ. ಸೆಟ್ಟನ್ನು ಕೆರೆ ಏರಿ ಮೇಲೆ ತಂದಿಟ್ಟಿದ್ದೇನೆ, ತೂಬಿನ ಪಕ್ಕ ಏರಿ ಜಿನುಗುತ್ತಿದೆ, ಕಂಬಗಳು ಬಿದ್ದಿವೆ, ಮರಳಿನ ಚೀಲ ಬೇಕು, ಜನ ಬೇಕು. ತರೀಕೆರೆಯ ನೆತ್ತಿಯ ಮೇಲೇ ಸಿಡಿಲು ಆಡುತ್ತಿದ್ದುದರಿಂದ ದೊಡ್ಡಪ್ಪನಿಗೆ ಬ್ಯಾಟರಿ ಇಳಿದ ಮೇಷ್ಟ್ರ ಬಡಕಲು ಸದ್ದು ಕೇಳಿಸುತ್ತಿರಲಿಲ್ಲ. ನನ್ನ ಸದ್ದು ಮಾತ್ರ ಹೇಗೋ ಮುಟ್ಟುತ್ತಿತ್ತು. ಮೇಷ್ಟ್ರು ಹೇಳಿದ್ದನ್ನು ನಾನು ದೊಡ್ಡಪ್ಪನಿಗೆ ದಾಟಿಸಿದೆ. ದೊಡ್ಡಪ್ಪ ಕೊಡೆ ಹಿಡಿದು ತಾಲ್ಲೂಕು ಕಚೇರಿಗೆ ಓಡಿದರು.

"ತಂತಿ ಕಿತ್ತಾಕೇ, ಸಿಡ್ಲು ಹೊಡೀತದೆ!" ಎಂದು ಅಮ್ಮ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದಳು.

ನಾನು ಕೀಳಲಿಲ್ಲ. ಆ ಕೆರೆ ಏರಿಯ ಮೇಲೆ ಅವರಿದ್ದರು. ಸದ್ದು ನಿಂತರೆ ಅವರೇ ಇಲ್ಲವೇನೋ ಎಂಬ ಹೆದರಿಕೆ ನನಗೆ.

ಲಾರಿ ಬಂತು. ಚೀಲ ಬಿತ್ತು. ಜಿನುಗು ನಿಂತಿತೆಂದು ಅವರು ಕಳಿಸಿದಾಗ ಇನ್ನೂ ಬೆಳಕಿತ್ತು, ನನ್ನ ಕಣ್ಣಲ್ಲಿ ನೀರಿತ್ತು. ಅಷ್ಟೊತ್ತಿಗೆ ದೊಡ್ಡಪ್ಪನೂ ಸೆಟ್ ಮುಂದೆ ವಾಪಸಾಗಿದ್ದರು. ಮಳೆ ತರೀಕೆರೆ ಬಿಟ್ಟು ನಮ್ಮ ಕಡೆ ಸರಿದಿತ್ತು. ಬೈಯಬೇಕೆನಿಸಿ ಕುಟ್ಟಿದೆ: "ಏರಿ ಮೇಲೆ ಒಬ್ಬರೇ ನಿಲ್ಲುವುದಾ? ಮುಂದಿನ ಸಲ ಜೊತೆಗೆ ಯಾರಾದರೂ ಬೇಕು. ಯಾರು ಬೇಕು ಹೇಳಿ."

ಉತ್ತರ ನಿಧಾನವಾಗಿ ಬಂತು. ನನಗೆ... ನೀ... ಅಷ್ಟರಲ್ಲಿ ಫಳಾರ್ ಎಂದು ನಮ್ಮ ಗುಡ್ಡದ ಮೇಲೆ ಸಿಡಿಲು. ಒಂದಕ್ಷರ ಹೋಯಿತು. ಆಮೇಲೆ ಯು. ಆಮೇಲೆ ಬೇಕು.

ಅಲ್ಲಿಗೆ ಅವರ ಬ್ಯಾಟರಿ ಸತ್ತಿತು.

ನೀವು, ನೀನು. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ನಾಲ್ಕೇ ಅಕ್ಷರ. ಮೂರನೆಯದು ವಿ ಆಗಿದ್ದರೆ, "ನನಗೆ ನೀವು ಬೇಕು." ಏರಿ ಮೇಲೆ ಬ್ಯಾಟರಿ ಹಿಡಿದುಕೊಳ್ಳಲು ಒಬ್ಬ ಹಾಲಪ್ಪ ಬೇಕು ಎಂದಷ್ಟೇ ಅರ್ಥ. ಎನ್ ಆಗಿದ್ದರೆ...

ಭಾನುವಾರ ಕಡೂರಿನವರ ಮುಂದೆ ತಟ್ಟೆ ಹಿಡಿದು ಹೋಗುವ ಮುಂಚೆ ನನಗೆ ಆ ಒಂದಕ್ಷರ ಗೊತ್ತಾಗಬೇಕಿತ್ತು. ಶುಕ್ರವಾರ ಸಂಜೆ ಬುಕ್ಕಾಂಬುಧಿ ಸುಮ್ಮನಿತ್ತು. ಮಾನ ಮರ್ಯಾದೆ ಪಕ್ಕಕ್ಕಿಟ್ಟು ದೊಡ್ಡಪ್ಪನನ್ನೇ ಕೇಳಿದೆ: "ನಿನ್ನೆ ಕೊನೆಯಲ್ಲಿ ಒಂದಕ್ಷರ ತಪ್ಪಿತು. ನಿಮಗೆ ಕೇಳಿಸಿತಾ?"

ದೊಡ್ಡಪ್ಪನ ಕೈ ಪರೇಡಿನ ಹಾಗೆ ಅಳತೆ ತಪ್ಪದೆ ಬಂತು. "ಬಿಟ್ಟುಹೋದ ಅಕ್ಷರವನ್ನ ಊಹೆಯಿಂದ ತುಂಬಬೇಡ. ಬೇರೆಯವರನ್ನೂ ಕೇಳಬೇಡ. ಕಳಿಸಿದವರನ್ನೇ ಮತ್ತೆ ಕೇಳು. ನಾಳೆ ಅವನಿಗೆ ಬ್ಯಾಟರಿ ಮುಟ್ಟಿಸು. ಇದು ಆರ್ಡರ್."

ದೊಡ್ಡಪ್ಪನ ಆರ್ಡರ್ ಎಂದ ಮೇಲೆ ಅಮ್ಮನೂ ತಡೆಯಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲು. ನಾನು ಹೋದಾಗ ಅವರು ಲ್ಯಾಬಿನಲ್ಲಿ ಒಬ್ಬರೇ ತಂತಿ ಒಣಗಿಸುತ್ತಾ ಕೂತಿದ್ದರು. ಎರಡು ದಿನದ ಗಡ್ಡ, ಮೊಣಕಾಲ ತನಕ ಕೆಸರು ಹಿಡಿದ ಪ್ಯಾಂಟು. ನನ್ನನ್ನು ನೋಡಿ ಎದ್ದು ನಿಂತರು. ಈ ಮನುಷ್ಯರು ನನ್ನನ್ನು ಕಂಡರೆ ಎದ್ದು ನಿಲ್ಲುವುದನ್ನು ಬಿಡುವುದೇ ಇಲ್ಲವೇನೋ.

ಬುಟ್ಟಿಯನ್ನು ನನ್ನ ಹಿಂದೆ ಇಟ್ಟುಕೊಂಡೆ. "ಬ್ಯಾಟರಿ ತಂದಿದೀನಿ. ಆದ್ರೆ ಮೊದ್ಲು ರಿಪೀಟ್ ಕೊಡಿ."

"ಏನು ರಿಪೀಟು?"

"ಅವತ್ತಿನ ಕೊನೇ ಮಾತು. ಮಧ್ಯದ ಅಕ್ಷರ ಸಿಡ್ಲು ತಿಂದ್ಕೊಂಡು ಹೋಯ್ತು."

"ನಿಮಗೇನು ಅನ್ನಿಸ್ತು?"

"ಊಹೆ ಮಾಡಂಗಿಲ್ಲ. ದೊಡ್ಡಪ್ಪನ ರೂಲು."

ಕಿಟಕಿಯಾಚೆ ನೋಡಿದರು. ಕೆರೆ ತುಂಬಿ ಥಳಥಳ ಅನ್ನುತ್ತಿತ್ತು.

"ವಿ," ಎಂದರು.

ಬುಟ್ಟಿಯನ್ನು ಟೇಬಲ್ ಮೇಲಿಟ್ಟೆ. "ಸರಿ. ಏರಿ ಕೆಲಸಕ್ಕೆ ಆಳು ಬೇಕು, ಅಷ್ಟೇ ತಾನೆ? ದೊಡ್ಡಪ್ಪನಿಗೆ ಹೇಳ್ತೀನಿ, ಯಾರನ್ನಾದ್ರೂ ಕಳಿಸ್ತಾರೆ. ನಾನು ಬತ್ತೀನಿ, ಬಸ್ಸಿಗೆ ಹೊತ್ತಾಯ್ತು."

"ಹಾಲಮ್ಮನವರೇ, ಪೂರ್ತಿ ಕೇಳ್ರೀ!" ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕೀ ಮೇಲೆ ಕೈ ಇಟ್ಟಾಗ ಮನಸಲ್ಲಿದ್ದದ್ದು ಅದಲ್ಲ. ನಿಮ್ಮ ದೊಡ್ಡಪ್ಪ ಕೇಳ್ತಾ ಇರ್ತಾರೆ, ನೀವೇನು ಅಂದ್ಕೋತೀರೋ, ಭಾನುವಾರ ನೆಂಟರು ಬೇರೆ ಬರ್ತಾರೆ ಅಂತ ಹೆದರಿಕೊಂಡು ವಿ ಕಳಿಸ್ಬಿಟ್ಟೆ. ಆವಾಗಿಂದ ನಿದ್ದೆಯಿಲ್ಲ. ಆ ಸಿಡ್ಲು ಅದನ್ನ ತಿಂದಿದ್ರೆ ಅದಕ್ಕೊಂದು ಕಾಯಿ ಒಡೀತೀನಿ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಹೆಸರು ನೋಡಿದ್ರೆ ಷಡಕ್ಷರಿ. ಒಂದಕ್ಷರ ನೆಟ್ಟಗೆ ಕಳಿಸೋಕೆ ಬರಲ್ವಲ್ರೀ ನಿಮಗೆ?"

"ಈಗ ಕಳಿಸ್ಲಾ?"

"ಅದಕ್ಕೇ ಅಲ್ವಾ ಇಷ್ಟು ದೂರ ಬಂದಿರೋದು?"

ಅವರು ಕೂತರು. ಬ್ಯಾಟರಿ ಇಲ್ಲದ ಕೀ. ಟಕ್ ಟಕ್ ಅನ್ನುವ ಕಬ್ಬಿಣದ ಸದ್ದು ಬಿಟ್ಟರೆ ಏನೂ ಇಲ್ಲ. ಆ ರೂಮು ದಾಟಿ ಯಾರಿಗೂ ಕೇಳಿಸುವಂಥದ್ದಲ್ಲ. ನನಗೆ ಎಂದು ಬಡಿದರು. ನೀ ಎಂದು ಬಡಿದರು. ನಿಲ್ಲಿಸಿ, ತಲೆಯೆತ್ತಿ ನನ್ನ ಕಣ್ಣನ್ನೇ ನೋಡುತ್ತಾ, ಡಾ ಡಿಟ್.

ಎನ್.

ಉಳಿದ ಅಕ್ಷರಗಳನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅವರ ಕೈ ಕೀ ಮೇಲೆ ಇನ್ನೂ ಇತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಬೆಚ್ಚಗಿತ್ತು. ಇಷ್ಟು ತಿಂಗಳು ಕಿವಿಯಲ್ಲಿ ಮಾತ್ರ ಇದ್ದ ಕೈ.

"ಹಾಲಪ್ಪನಿಗೂ ನೀನೇ ಬೇಕಂತೆ ಕಣೋ," ಎಂದೆ.

ಅವರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಬಸ್ಸು ತಪ್ಪಿಹೋಗಿತ್ತು, ಮುಂದಿನದಕ್ಕೆ ಕಾಯಬೇಕಿತ್ತು. ಐದೂವರೆಗೆ ಬ್ಯಾಟರಿ ಜೋಡಿಸಿ, ನಾನೇ ಕೂತು ಬುಕ್ಕಾಂಬುಧಿಯ ಹಾಜರಿ ಹೇಳಿದೆ. ನನ್ನ ಎಳೆದ ಡಾ ಕೇಳಿದ್ದೇ ದೊಡ್ಡಪ್ಪ ನೀರಿನ ಮಟ್ಟ ಕೇಳಲಿಲ್ಲ, ಬ್ಯಾಟರಿ ವಿಚಾರವನ್ನೂ ಕೇಳಲಿಲ್ಲ.

"ಅಕ್ಷರ ಸಿಕ್ಕಿತಾ?"

"ಸಿಕ್ಕಿತು. ಎನ್."

ಅದೇ ಅಳತೆಯ ಕೈ ಬಂತು: "ಅವತ್ತು ನನಗೆ ಸ್ಪಷ್ಟವಾಗಿ ಕೇಳಿಸಿದ್ದು ವಿ. ಈಗ ತಿದ್ದಿಕೊಂಡೆ. ನಿಮ್ಮ ಅಮ್ಮನಿಗೂ ಕಡೂರಿನವರಿಗೂ ನಾನು ಹೇಳುತ್ತೇನೆ."

ನನ್ನ ಹೆಡ್‌ಫೋನಿಗೆ ಅವರೂ ಕಿವಿ ತಾಗಿಸಿದ್ದರು, ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ನೋಡ್ರೀ ಈ ದೊಡ್ಡಪ್ಪನ್ನ!" ಎಂದೆ. "ಕೇಳಿಸ್ಕೊಂಡೂ ನಂಗೆ ಹೇಳ್ಲಿಲ್ವಲ್ಲ!"

ಷಡಕ್ಷರಿ ಬಾಗಿ ನನ್ನ ಕಿವಿಯಿಂದ ಹೆಡ್‌ಫೋನ್ ಬಿಡಿಸಿ ಟೇಬಲ್ ಮೇಲಿಟ್ಟರು.

"ಹೇಳಿದ್ದಿದ್ರೆ ನೀನು ಬರ್ತಿದ್ಯಾ?" ಎಂದರು.

ಬಾಯಿಬಿಟ್ಟು ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.